ಬಸ್ಸಿಗೆ ಹಾಕಿದ್ದು

ನಮ್ಮ ಕಡೆ ಬಸ್ಸಿಗೆ ಹಾಕದ ವಸ್ತು ಇಲ್ಲ. ಮಗಳ ಮನೆಗೆ ಹಪ್ಪಳದ ಡಬ್ಬಿ, ಸೊರಬದ ಆಸ್ಪತ್ರೆಯಲ್ಲಿ ಮಲಗಿರುವ ಮಾವನಿಗೆ ಗಂಜಿ, ಮದುವೆಯ ಹಿಂದಿನ ದಿನ ಹೊಲಿದು ಮುಗಿದ ರವಿಕೆ, ರಿಪೇರಿಯಾದ ಪಂಪ್‌ಸೆಟ್ ಸ್ಟಾರ್ಟರು, ಎಲ್ಲವೂ ಕಂಡಕ್ಟರನ ಕೈಗೆ ಬರುತ್ತವೆ. ಕೊಟ್ಟವರು ಅಲ್ಲೇ ನಿಂತು ಫೋನು ಹಚ್ಚುತ್ತಾರೆ: "ಬಸ್ಸಿಗೆ ಹಾಕೀನ್ರಿ, ಸೊರಬದಾಗೆ ಇಳಿಸ್ಕೊಳ್ರಿ." ರೂಲ್ಸು ಒಪ್ಪುವುದಿಲ್ಲ. ಜನ ಒಪ್ಪುತ್ತಾರೆ, ಕಂಡಕ್ಟರನೂ ಒಪ್ಪುತ್ತಾನೆ. ಸರ್ವೀಸು ಪೂರ್ತಿ ನಮ್ಮ ಶಿಕಾರಿಪುರದಿಂದ ಸೊರಬಕ್ಕೆ, ಸೊರಬದಿಂದ ಸಾಗರಕ್ಕೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿ ಓಡಾಡಿ ರಿಟೈರ್ ಆದವನು ನಾನು. ಒಮ್ಮೆ ಜೀವಂತ ಕೋಳಿಯನ್ನೂ ಸಾಗಿಸಿದ್ದೇನೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಅದು ಬಾನೆಟ್ಟಿನ ಪಕ್ಕ ಮೊಟ್ಟೆ ಇಟ್ಟಿತು, ಆ ಮೊಟ್ಟೆ ಯಾರಿಗೆ ಸೇರಬೇಕೆಂದು ನನಗೂ ಡ್ರೈವರನಿಗೂ ಜಗಳವಾಯಿತು.

ಈ ಕೆಲಸಕ್ಕೆ ಒಂದು ನೇಮವಿದೆ. ಇಳಿಸಿಕೊಳ್ಳುವವರು ಬರದಿದ್ದರೆ ಸಾಮಾನನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗುವಂತಿಲ್ಲ. ಬಸ್ಸು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅದೂ ಹೋಗಬೇಕು, ವಾಪಸು ಬರುವಾಗ ಕೊಡಬೇಕು. ಹೊಸದಾಗಿ ಬಂದ ಕಂಡಕ್ಟರ ಹುಡುಗರಿಗೆ ಇದನ್ನು ನಾನೇ ಹೇಳಿಕೊಟ್ಟಿದ್ದೇನೆ. "ನಂಬಿ ಕೊಟ್ಟಿರ್ತಾರೆ ಕಣಪ್ಪ. ಎಲ್ಲೋ ಇಟ್ಟು ಕೈ ತೊಳ್ಕೋಬ್ಯಾಡ."

ಹೋದ ವರ್ಷ ನಾನು ನನ್ನ ಮಗಳನ್ನು ಹೀಗೇ ಬಸ್ಸಿಗೆ ಹಾಕಿದೆ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಹೇಳುವುದು ಹೇಗಿದ್ದರೂ ಹೇಳುವುದೇ, ಪೂರ್ತಿ ಹೇಳಿಬಿಡುತ್ತೇನೆ.

ನಮಗೆ ಅವಳೊಬ್ಬಳೇ ಮಗಳು. ಇಪ್ಪತ್ತನಾಲ್ಕು ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇದೆ. ಹುಟ್ಟಿದಾಗ ಡಾಕ್ಟರು ನನ್ನನ್ನು ಕರೆದು, ಮಗುವಿಗೆ ಕ್ರೋಮೋಸೋಮು ಒಂದು ಹೆಚ್ಚಿದೆ ಎಂದರು. ಟಿಕೆಟ್ ಲೆಕ್ಕದಲ್ಲಿ ದುಡ್ಡು ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಾದ ನೌಕರಿಯವನು ನಾನು. ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಸಾರ್ ಎಂದು ಕೇಳಿ ಬೈಸಿಕೊಂಡೆ. ಆಮೇಲೆ ಗೊತ್ತಾಯಿತು. ಕುತ್ತಿಗೆ ನಿಲ್ಲುವುದು ತಡ, ನಡೆಯುವುದು ತಡ, ಮಾತಂತೂ ಎಲ್ಲಕ್ಕಿಂತ ತಡ. ಕಿವಿಯೂ ಸ್ವಲ್ಪ ಮಂದ. ಅವಳು ಒಂದು ಮಾತು ಆಡಬೇಕಾದರೆ ಮೊದಲು ಬಾಯಿ ತೆರೆಯುತ್ತಾಳೆ, ಆಮೇಲೆ ಸ್ವಲ್ಪ ಹೊತ್ತು ಏನೂ ಬರುವುದಿಲ್ಲ, ಆಮೇಲೆ ಬರುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ನಾನು ನುಗ್ಗುತ್ತಿದ್ದೆ. ಅವಳ ಉತ್ತರವನ್ನೆಲ್ಲ ನಾನೇ ಕೊಟ್ಟು ಮುಗಿಸುತ್ತಿದ್ದೆ. ಯಾರಾದರೂ "ಪಾಪ" ಅಂದರೆ ಅವರ ಮೇಲೆ ಎಗರಿ ಬೀಳುತ್ತಿದ್ದೆ, ಅದೊಂದು ದೊಡ್ಡ ಶೌರ್ಯ ಅಂದುಕೊಂಡಿದ್ದೆ.

ಅವಳ ಚಿಕ್ಕಮ್ಮ, ಅಂದರೆ ನನ್ನ ಹೆಂಡತಿಯ ತಂಗಿ, ಸೊರಬದಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಎರಡು ಮಷಿನ್ ಇಟ್ಟುಕೊಂಡಿದ್ದಾಳೆ. ನಾವು ಅಲ್ಲಿಗೆ ಹೋದಾಗಲೆಲ್ಲ ಮಗಳು ತಟ್ಟೆಯ ಅಂಚು ಒರೆಸಿ, ಸೀಳು ಬಿಟ್ಟದ್ದನ್ನು ಬೇರೆ ಇಟ್ಟು, ದೊಡ್ಡದು ಚಿಕ್ಕದು ಬೇರೆ ಬೇರೆ ಜೋಡಿಸುತ್ತಿದ್ದಳು. ಎಬ್ಬಿಸಿದರೂ ಏಳುತ್ತಿರಲಿಲ್ಲ. "ಭಾವ, ಇವಳನ್ನ ನಂಗೇ ಕೊಟ್ಬಿಡಿ ಮಾರಾಯ್ರೆ, ನನ್ನ ಕೆಲಸದೋರಿಗಿಂತ ಇವಳೇ ವಾಸಿ" ಅಂತ ಚಿಕ್ಕಮ್ಮ ನಗೆಯಾಡುತ್ತಿದ್ದಳು. ನಾನೂ ನಗುತ್ತಿದ್ದೆ. ಅದು ನಗೆಯ ಮಾತಲ್ಲ ಅಂತ ನನಗೆ ಹೊಳೆದಿರಲಿಲ್ಲ.

ಆ ಹೊತ್ತಿಗೆ ಒಬ್ಬ ಹುಡುಗಿ ನಮ್ಮ ಮನೆಗೆ ಬರಲಿಕ್ಕೆ ಶುರುಮಾಡಿದಳು. ಜಡೆ ಊರಿನ ಕಡೆಯವಳು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಡೌನ್ ಸಿಂಡ್ರೋಮ್ ಇರುವವರು ದೊಡ್ಡವರಾದ ಮೇಲೆ ಹೊಸದನ್ನು ಹೇಗೆ ಕಲಿಯುತ್ತಾರೆ, ಮನೆಯವರು ಏನು ಮಾಡುತ್ತಾರೆ ಎಂಬುದು ಅವಳ ವಿಷಯ. ನಾನು ಕುರ್ಚಿ ಹಾಕಿ, ಚಹಾ ತರಿಸಿ, ಮಗಳ ಕಥೆಯೆಲ್ಲ ಬಿಡಿಸಿ ಹೇಳಲು ತಯಾರಾಗಿ ಕೂತೆ. ಅವಳು ನನ್ನ ಕಡೆ ನೋಡದೆ ಮಗಳ ಕಡೆ ತಿರುಗಿದಳು.

"ನಿಮಗೆ ಯಾವ ಕೆಲಸ ಒಬ್ಬರೇ ಮಾಡ್ಬೇಕು ಅಂತ ಆಸೆ ಇದೆ?"

ನನ್ನ ಮಗಳಿಗೆ ಯಾರೂ "ನೀವು" ಅಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಗು ಬಂತು. "ಅವಳಿಗೆ ಎಂಥ ಆಸೆನಮ್ಮ? ಹೊತ್ತಿಗೆ ಸರಿಯಾಗಿ ಊಟ, ಸಂಜಿಗೆ ಧಾರಾವಾಹಿ, ಅಷ್ಟೇ" ಅಂದೆ.

"ಸಾರ್, ನಾನು ಅವರನ್ನ ಕೇಳಿದ್ದು" ಅಂದಳು. ಸಣ್ಣ ದನಿಯಲ್ಲೇ ಅಂದಳು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ನನಗೆ ಕಂಡಿತು.

ಮಗಳು ಬಾಯಿ ತೆರೆದಳು. ನಾವು ಮೂವರೂ ಕಾದೆವು. ನನಗೆ ಮೈಯೆಲ್ಲ ಚಡಪಡಿಕೆ. ಕೊನೆಗೆ ಅವಳು ಅಂದಳು: "ಬಸ್ಸು. ಒಬ್ಳೇ ಹತ್ತೋದು. ಚಿಕ್ಕಮ್ಮನ ಹತ್ರ ಕೆಲಸ."

ಅವಳಿಗೆ ಅಷ್ಟು ಉದ್ದದ ಆಸೆ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಜೀವನವೆಲ್ಲ ಬಸ್ಸಿನಲ್ಲಿ ಕಳೆದವನ ಮಗಳು, ಬಸ್ಸಿನ ಆಸೆ ಇರದೆ ಇನ್ನೇನಿರುತ್ತದೆ? ಆದರೂ ನಾನು ಖಡಾಖಂಡಿತ ಆಗದು ಅಂದೆ. ಶಿರಾಳಕೊಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಅಲ್ಲಿ ಇಳಿದು ಹಾನಗಲ್ಲಿನ ಬಸ್ಸು ಹತ್ತಿದರೆ ಯಾರು ದಿಕ್ಕು? ಯಾರಾದರೂ ಕರೆದರೆ ಹಿಂದೆ ಹೋದರೆ? ಒಂದೊಂದೇ ಹೇಳಿದೆ. ಆ ಹುಡುಗಿ ಎಲ್ಲ ಕೇಳಿಸಿಕೊಂಡು, "ಭಯ ನಿಜ ಸಾರ್. ಆದ್ರೆ ಮಾತು ಹೊರಗೆ ಬರೋದು ತಡ ಅಂದ್ರೆ ಒಳಗೆ ತಿಳಿಯೋದೂ ತಡ ಅಂತ ಅಲ್ಲ. ಇವರಿಗೆ ಕೇಳಿ ಕಲಿಯೋದು ಕಷ್ಟ, ನೋಡಿ ಕಲಿಯೋದು ಸಲೀಸು. ಚೂರು ಚೂರು ಮಾಡಿ ತೋರಿಸಿ ನೋಡೋಣ" ಅಂದಳು. ನಾನು ಒಪ್ಪಲಿಲ್ಲ. ಹೆಂಡತಿ ಒಪ್ಪಿದಳು. ನಮ್ಮ ಮನೆಯಲ್ಲಿ ಅಷ್ಟಾದರೆ ಸಾಕು.

ಕಲಿಕೆ ಶುರುವಾಯಿತು. ಹೆಂಡತಿಯೂ ಆ ಹುಡುಗಿಯೂ ದಾರಿಯ ಗುರುತುಗಳ ಫೋಟೋ ತೆಗೆಸಿ, ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಮಗಳ ಬ್ಯಾಗಿಗೆ ಸರಪಳಿಯ ಹಾಗೆ ಕಟ್ಟಿದರು. ಶಿರಾಳಕೊಪ್ಪದ ಸ್ಟ್ಯಾಂಡಿನ ಚಿತ್ರದ ಮೇಲೆ ಕೆಂಪು ಅಡ್ಡಗೆರೆ, ಇಲ್ಲಿ ಇಳಿಯುವಂತಿಲ್ಲ. ಸೊರಬದ ಸ್ಟ್ಯಾಂಡಿನ ಮೇಲೆ ಹಸಿರು ಬಣ್ಣ. ಆಮೇಲೆ ಬೇಕರಿ, ಪೆಟ್ರೋಲ್ ಬಂಕು, ಚಿಕ್ಕಮ್ಮನ ಶೆಡ್ಡಿನ ನೀಲಿ ಬಾಗಿಲು. ಮೊದಲು ಹೆಂಡತಿ ಮಗಳ ಪಕ್ಕದಲ್ಲಿ ಕೂತು ಹೋದಳು. ಆಮೇಲೆ ಹಿಂದಿನ ಸೀಟಿನಲ್ಲಿ. ಆಮೇಲೆ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ, ಪರಿಚಯವೇ ಇಲ್ಲದವಳ ಹಾಗೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಈಗ ಟಿಕೆಟ್ ಬಿಟ್ಟಿ, ಆಧಾರ್ ತೋರಿಸಬೇಕು. ಮಗಳು ಕಂಡಕ್ಟರ್ ಇನ್ನೂ ಮೂರು ಸೀಟು ಆಚೆ ಇರುವಾಗಲೇ ಕಾರ್ಡು ಎತ್ತಿ ಹಿಡಿದು ಕೂರುತ್ತಿದ್ದಳಂತೆ. ಒಂದು ಸಲವೂ ಶಿರಾಳಕೊಪ್ಪದಲ್ಲಿ ಇಳಿಯಲಿಲ್ಲ. ಒಂದು ಸಲ ಬಸ್ಸಿನಲ್ಲಿ ಜನ ತುಂಬಿ ಕಿಟಕಿಯಲ್ಲಿ ಏನೂ ಕಾಣದೆ ಸೊರಬ ದಾಟಿತು, ಆವತ್ತು ಅತ್ತಳು. ಮರುವಾರದಿಂದ ಪಕ್ಕದವರನ್ನು ಕೇಳುವುದನ್ನೂ ಕಲಿತಳು. ಇಷ್ಟೆಲ್ಲ ಆಗುವಾಗ ಆ ದಾರಿಯ ಹೊಂಡ ಹೊಂಡದ ಪರಿಚಯ ಇರುವ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ಸಿಟ್ಟಿತ್ತು.

ಒಂದು ಸೋಮವಾರ ಅವಳೊಬ್ಬಳೇ ಹೋಗುವುದೆಂದು ಅಕ್ಕ ತಂಗಿ ಸೇರಿ ನಿಶ್ಚಯಿಸಿದರು. ಚಿಕ್ಕಮ್ಮ ಸ್ಟ್ಯಾಂಡಿಗೂ ಬರಬಾರದು, ಶೆಡ್ಡಿನಲ್ಲೇ ಕಾಯಬೇಕು. "ರೀ, ನೀವು ಹತ್ತಿಸಿ ಬರ್ರಿ ಅಷ್ಟೇ. ಯಾರ ಹತ್ರಾನೂ ಬಾಯಿ ಬಿಡಬ್ಯಾಡ್ರಿ. ನಿಮ್ಮ ನಾಲಿಗೆಗೆ ಎಲುಬಿಲ್ಲ" ಅಂತ ಹೆಂಡತಿ ಹೇಳಿದ್ದಳು. ನಾನು ಹೂಂ ಅಂದಿದ್ದೆ.

ಮಗಳು ನೀಲಿ ಚೂಡಿದಾರ ಹಾಕಿಕೊಂಡು, ಬಾಗಿಲ ಕಂಬಿ ಹಿಡಿದು ತಾನೇ ಹತ್ತಿದಳು. ಕಿಟಕಿಯ ಪಕ್ಕ ಕೂತು, ಚಿತ್ರಗಳನ್ನು ತೊಡೆಯ ಮೇಲೆ ಹರಡಿಕೊಂಡು ನನ್ನನ್ನು ನೋಡಿ, "ಅಪ್ಪ, ಹೋಗು" ಅಂದಳು. ನಾನು ಹೋದೆ. ನೆಟ್ಟಗೆ ಬಸ್ಸಿನ ಹಿಂಭಾಗಕ್ಕೆ ಹೋದೆ. ಅಲ್ಲಿ ಕಂಡಕ್ಟರ್ ನಿಂತಿದ್ದ, ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ನನ್ನ ಬಾಯಿ ರೂಢಿಯ ಮಾತನ್ನೇ ಆಡಿತು.

"ಮಗಳನ್ನ ಬಸ್ಸಿಗೆ ಹಾಕೀನಪ್ಪ. ಜೋಪಾನ. ಸೊರಬದಾಗೆ ಅವಳ ಚಿಕ್ಕಮ್ಮನ ಕೈಗೇ ಕೊಡು. ಬ್ಯಾರೆಯವರ ಕೈಗೆ ಕೊಡಬ್ಯಾಡ."

"ನೀವು ಹೇಳಿದ್ಮ್ಯಾಲೆ ಮುಗೀತು ಬಿಡಣ್ಣ" ಅಂದ.

ಚಿಕ್ಕಮ್ಮ ಬರುವುದಿಲ್ಲ ಎಂಬುದು ನನಗೆ ನೆನಪಿತ್ತು. ಕಂಡಕ್ಟರ್ ಹೇಗೂ ಫೋನು ಮಾಡುತ್ತಾನೆ, ಆಗ ನಾನು ಚಿಕ್ಕಮ್ಮನಿಗೆ ಗುಟ್ಟಾಗಿ ಹೇಳಿ ಕಳಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಬಸ್ಸು ಹೊರಟಿತು. ನೋಡುತ್ತಿದ್ದ ಹಾಗೆ ಆ ಹುಡುಗ ಮಗಳನ್ನು ಕಿಟಕಿಯ ಪಕ್ಕದಿಂದ ಎಬ್ಬಿಸಿ, ಡ್ರೈವರನ ಪಕ್ಕ ಬಾನೆಟ್ಟಿನ ಹತ್ತಿರ, ನಾವು ಸಾಮಾನು ಇಡುವ ಜಾಗದ ಸೀಟಿಗೆ ಕೂರಿಸಿದ. ನನಗೆ ಹಾಯೆನ್ನಿಸಿತು. ಕ್ಯಾಂಟೀನಿಗೆ ಹೋದೆ, ಹಳೆಯ ಸಂಗಡಿಗರು ಸಿಕ್ಕು ಗಂಟೆಗಟ್ಟಲೆ ಹರಟೆಯಾಯಿತು, ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲೇ ಮರೆತೆ. "ನನ್ನ ಮಗಳು ಇವತ್ತು ಒಬ್ಬಳೇ ಸೊರಬಕ್ಕೆ ಹೋದ್ಳು ಕಣ್ರೋ" ಅಂತ ಎಲ್ಲರಿಗೂ ಚಹಾ ಕುಡಿಸಿದೆ. ಒಬ್ಬಳೇ ಅಂತೆ! ಯಾವ ಬಾಯಲ್ಲಿ ಹೇಳಿದೆನೋ!

ಆಮೇಲೆ ಆದದ್ದನ್ನು ಆ ಕಂಡಕ್ಟರನೇ ನನಗೆ ಹೇಳಿದ. ಸೊರಬ ಬಂತು. ಮಗಳು ಎದ್ದು ನಿಂತು, ಹಸಿರು ಬಣ್ಣದ ಚಿತ್ರ ತೋರಿಸಿ, "ಇದು ಸೊರಬ. ನಾ ಇಳೀತೀನಿ" ಅಂದಳು. ಇವನು ಬಾಗಿಲಿಗೆ ಅಡ್ಡ ನಿಂತ. "ನಿಮ್ಮ ಚಿಕ್ಕಮ್ಮ ಬರ್ಲಿ, ತಡಿ." ಸ್ಟ್ಯಾಂಡಿನಲ್ಲಿ ಕೂಗಿ ಕೇಳಿದ, ಚಿಕ್ಕಮ್ಮ ಇರಲಿಲ್ಲ. ನನಗೆ ಫೋನು ಮಾಡಿದ, ಎತ್ತಲಿಲ್ಲ. ಮಗಳು ಬಂಕಿನ ಚಿತ್ರ ತೋರಿಸಿದಳು, ನೀಲಿ ಬಾಗಿಲ ಚಿತ್ರ ತೋರಿಸಿದಳು, ಮಾತು ತೊಡರಿತು, ಜೋರಾಗಿ ಕಿರುಚಿದಳು. ಬಸ್ಸಿನಲ್ಲಿದ್ದವರು, "ಪಾಪ, ಕೂರಿಸ್ರಿ ಅವಳನ್ನ, ಎಲ್ಲಾದ್ರೂ ಹೋಗಿಬಿಟ್ಟಾಳು" ಅಂದರು. ಹಿಂದೆ ಇನ್ನೊಂದು ಬಸ್ಸು ಹಾರನ್ನು ಹೊಡೆಯುತ್ತಿತ್ತು. ಇಳಿಸಿಕೊಳ್ಳುವವರು ಬರಲಿಲ್ಲ; ಹಾಗಾದಾಗ ಏನು ಮಾಡಬೇಕೆಂದು ನಾನು ಕಲಿಸಿದ್ದೆನೋ ಅದನ್ನೇ ಅವನು ಮಾಡಿದ. ಮಗಳ ಭುಜ ಒತ್ತಿ ಕೂರಿಸಿ ಸಾಗರಕ್ಕೆ ಕರೆದುಕೊಂಡು ಹೋದ. "ನಿಮ್ಮಪ್ಪ ನಿನ್ನ ಬಸ್ಸಿಗೆ ಹಾಕಿದಾರಮ್ಮ, ನಾನು ಎಲ್ಲೆಲ್ಲೋ ಇಳಿಸಾಕಾಗಲ್ಲ" ಅಂತ ಅವಳಿಗೆ ಸಮಾಧಾನವನ್ನೂ ಹೇಳಿದನಂತೆ. ಅವನ ತಪ್ಪು ಎಳ್ಳಷ್ಟೂ ಇಲ್ಲ.

ಮಗಳು ಬರಲಿಲ್ಲವೆಂದು ಚಿಕ್ಕಮ್ಮ ಹೆಂಡತಿಗೆ ಫೋನು ಮಾಡಿದಳು. ಹೆಂಡತಿ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತಿದ್ದಳು, ನಾನು ಆಗ ಬಾಯಿ ತುಂಬ ನಗುತ್ತಾ ಒಳಗೆ ಹೋದೆ. ಡಿಕ್ಕಿಯಿಂದ ಫೋನು ತೆಗೆದು ನೋಡಿದರೆ ಕಂಡಕ್ಟರನ ಕರೆಗಳು ಸಾಲಾಗಿದ್ದವು. ಮಾತಾಡಿದೆ. ಸಾಗರದಲ್ಲಿದ್ದಾರೆ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಾರೆ.

"ಏನಂತ್ರೀ?" ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು.

"ಸೊರಬ ತಪ್ಪಿ ಮುಂದೆ ಹೋಗ್ಯಾಳೆ. ಹುಷಾರಾಗಿದಾಳೆ, ಬರ್ತಾಳೆ" ಅಂದೆ. ಯಾರಿಂದ ತಪ್ಪಿತು ಎಂಬುದನ್ನು ಹೇಳದೆ ಸ್ಟ್ಯಾಂಡಿಗೆ ಓಡಿದೆ.

ಬಸ್ಸು ಬಂತು. ವಾಪಸು ಬರುವಾಗ ಸೊರಬದಲ್ಲಿ, ಅಕ್ಕ ಫೋನಿನಲ್ಲಿ ತಿಳಿಸಿದ್ದರಿಂದ, ಚಿಕ್ಕಮ್ಮ ಓಡಿ ಬಂದು ಬಾಗಿಲಲ್ಲಿ ಎಷ್ಟು ಕರೆದರೂ ಮಗಳು ಇಳಿದಿರಲಿಲ್ಲ. ಕಂಡಕ್ಟರ್ ಬೆವರು ಒರೆಸಿಕೊಳ್ಳುತ್ತಾ, "ಅಣ್ಣ, ಜೋಪಾನವಾಗಿ ತಂದೀನಿ. ಇಳಿಸ್ಕೊಳ್ರಿ" ಅಂದ. ನಾನು ಕೈ ಚಾಚಿದೆ. ಮಗಳು ಆ ಕೈಯನ್ನು ನೋಡಿದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ತಾನೇ ಇಳಿದಳು. ಅತ್ತು ಅತ್ತು ಮುಖ ಊದಿತ್ತು.

"ಅಪ್ಪ, ನೀ ನನ್ನ ಬಸ್ಸಿಗೆ ಹಾಕ್ದ್ಯಾ?"

ಸುತ್ತ ಜನ. ನಾನು ಹಲ್ಲು ಕಿರಿದೆ. "ಇಲ್ಲ ಮಗಳೇ, ಸುಮ್ನೆ ಒಂದು ಮಾತು ಹೇಳಿದ್ದೆ."

ಅವಳು ಬಾಯಿ ತೆರೆದಳು. ನಾನು ಕಾಯಲೇಬೇಕಾಯಿತು. "ನಾನೇ ಹತ್ತಿದ್ದೆ" ಅಂದಳು.

ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ. ಯಾವಾಗಲೂ ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದವಳು ಆವತ್ತು ಹಿಂದಿನ ಕಂಬಿ ಹಿಡಿದಿದ್ದಳು.

ಹೆಂಡತಿ ಅವಳನ್ನು ಅಪ್ಪಿಕೊಂಡು, ನೀರು ಕುಡಿಸಿ, ಮುಂದೆ ಕೂರಿಸಿಕೊಂಡು ಕೇಳಿದಳು: "ಹೆಂಗೆ ತಪ್ಪಿತು ಮಗಳೇ? ಹಸಿರು ಚಿತ್ರ ನೋಡ್ಲಿಲ್ವಾ?" ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನಿಂತಿದ್ದೆ. ಎರಡು ಚಪ್ಪಲಿ ಬಿಡಲಿಕ್ಕೆ ಎಷ್ಟು ಹೊತ್ತು ಬೇಕೋ ಅದರ ಹತ್ತರಷ್ಟು ಹೊತ್ತು ಮಾಡಿದೆ. ಮಗಳು ನನ್ನ ಕಡೆ ನೋಡಿದಳು. ಆಮೇಲೆ ಅವಳಮ್ಮನಿಗೆ ಹೇಳಿದಳು:

"ನಿದ್ದೆ ಬಂತು."

ನನ್ನ ಮಗಳು ಸುಳ್ಳು ಹೇಳಿದವಳಲ್ಲ. ಬೆಲ್ಲ ಕದ್ದು ತಿಂದರೆ ತಾನೇ ಬಂದು ಬೆಲ್ಲ ತಿಂದೆ ಅನ್ನುವವಳು. ಅವಳ ಬಾಯಿಂದ ಮೊದಲ ಸುಳ್ಳು ಬಂತು, ಅದು ನನಗೋಸ್ಕರ. ಅವಳಮ್ಮ ನನ್ನನ್ನು ಬೈಯಬಾರದು ಅಂತ. ಇನ್ನೊಬ್ಬರ ಮಾನ ಮುಚ್ಚುವುದನ್ನು ಯಾರೂ ಅವಳಿಗೆ ಚಿತ್ರ ತೋರಿಸಿ ಕಲಿಸಿರಲಿಲ್ಲ.

"ನಿದ್ದೆ ಮಾಡಿದ್ಯಾ?" ಹೆಂಡತಿಯ ದನಿ ಇಳಿದುಹೋಯಿತು. ನನ್ನ ಕಡೆ ತಿರುಗಿ, "ನೀವು ಹೇಳಿದ್ದೇ ಸರಿ ಕಣ್ರಿ. ನಮಗೇ ಆಸೆ ಹೆಚ್ಚಾಯ್ತು. ಇನ್ನು ಸಾಕು, ಒಬ್ಬಳೇ ಹೋಗೋದು ಬ್ಯಾಡ. ಆ ಹುಡುಗಿಗೂ ಹೇಳಿಬಿಡೋಣ" ಅಂದಳು. ಬ್ಯಾಗು ಎಳೆದುಕೊಂಡು ಚಿತ್ರಗಳ ಗಂಟು ಬಿಚ್ಚಲು ಶುರುಮಾಡಿದಳು. ಮಗಳು ನೋಡುತ್ತಿದ್ದಳು. ಗಂಟು ಬಿಚ್ಚಿದ್ದನ್ನೂ ನೋಡಿದಳು, ಚಿತ್ರಗಳು ನೆಲಕ್ಕೆ ಬಿದ್ದದ್ದನ್ನೂ ನೋಡಿದಳು. ತುಟಿ ಅದುರುತ್ತಿತ್ತು, ಹೇಳಿದ ಮಾತನ್ನು ಮಾತ್ರ ಅವಳು ವಾಪಸು ತೆಗೆದುಕೊಳ್ಳಲಿಲ್ಲ.

ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನೂ ಬರೆಯಬೇಕು. ಬಚಾವಾದೆ ಅಂತ ಬಂತು. ಸುಮ್ಮನಿದ್ದರೆ ಆಯಿತು, ಮಗಳು ಮನೆಯಲ್ಲೇ ಇರುತ್ತಾಳೆ, ನನಗೂ ಭಯವಿಲ್ಲ, ಹೆಂಡತಿಯ ಮಾತು ಕೇಳದೆ ಹೋದದ್ದೂ ಮುಚ್ಚಿಹೋಗುತ್ತದೆ. ಥೂ ಅನ್ನಿಸಿತು ನನಗೆ ನನ್ನ ಮೇಲೇ. ಎಷ್ಟೋ ಜನರನ್ನು ಬಸ್ಸಿನಿಂದ ಕೆಳಗಿಳಿಸುವಷ್ಟು ಜಗಳವಾಡಿದವನು, ಎರಡು ವಾಕ್ಯ ಹೇಳಲಿಕ್ಕೆ ಇನ್ನೂ ಚಪ್ಪಲಿ ಬಿಡುತ್ತಲೇ ನಿಂತಿದ್ದೆ.

"ಅವಳು ನಿದ್ದೆ ಮಾಡಿಲ್ಲ ಕಣೇ" ಅಂದೆ. "ಸೊರಬ ಅಂತ ಎದ್ದು ನಿಂತಿದ್ಳಂತೆ. ಕಂಡಕ್ಟರ್ ಇಳಿಯಾಕೆ ಬಿಡ್ಲಿಲ್ಲ. ನಾನೇ ಹೇಳಿದ್ದೆ."

"ಏನು ಹೇಳಿದ್ರಿ?"

"ಬಸ್ಸಿಗೆ ಹಾಕೀನಿ, ಚಿಕ್ಕಮ್ಮನ ಕೈಗೇ ಕೊಡು ಅಂತ."

ಬೈಗುಳಕ್ಕೆ ತಯಾರಾಗಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. "ಸಾಮಾನಿಗೆ ಹೇಳಿದಂಗೆ ಹೇಳಿದ್ರಾ?" ಅಂತ ಮಾತ್ರ ಕೇಳಿದಳು. ನಾನು ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಹಾಗೆ. ಅವಳು ನೆಲದ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಬ್ಯಾಗಿಗೆ ಕಟ್ಟಿದಳು.

ನಾನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ತಪ್ಪಾಯ್ತು ಮಗಳೇ. ಬರೋ ಸೋಮವಾರ ಹೋಗುವಂತೆ. ಅವನಿಗೆ ನಾನೇ ಹೇಳ್ತೀನಿ, ನಿನ್ನ ತಂಟೆಗೆ ಯಾರೂ ಬರಬಾರ್ದು, ನಿನ್ನ ಪಾಡಿಗೆ ನಿನ್ನ ಬಿಡ್ಬೇಕು ಅಂತ ಗಟ್ಟಿಯಾಗಿ ಹೇಳಿ ಇಡ್ತೀನಿ."

"ಅಯ್ಯೋ, ಮತ್ತೆ ಹೇಳ್ತೀನಿ ಅಂತಾರಲ್ಲಪ್ಪ!" ಹೆಂಡತಿ ಹಣೆ ಚಚ್ಚಿಕೊಂಡಳು.

ಮಗಳು ಬಾಯಿ ತೆರೆದಳು. ಈ ಸಲ ನಾನು ನುಗ್ಗಲಿಲ್ಲ.

"ಬೇರೆ ಬಸ್ಸು" ಅಂದಳು.

"ಯಾವ ಬಸ್ಸು ಮಗಳೇ?"

"ಅಪ್ಪ ಗೊತ್ತಿಲ್ಲದ ಬಸ್ಸು."

ಆ ದಾರಿಯಲ್ಲಿ ಅಂಥ ಬಸ್ಸು ಸಿಗುವುದು ಸುಲಭವಲ್ಲ. ಹೆಂಡತಿ ಸ್ಟ್ಯಾಂಡಿಗೂ ಸರ್ಕಲ್ಲಿಗೂ ಓಡಾಡಿ, ವಿಚಾರಿಸಿ ಹುಡುಕಿದಳು. ಒಂದು ಪ್ರೈವೇಟ್ ಬಸ್ಸು, ಹಾವೇರಿ ಕಡೆಯಿಂದ ಹೊಸದಾಗಿ ಬಂದ ಕಂಡಕ್ಟರ್, ನನ್ನ ಮುಖ ಕಂಡವನಲ್ಲ. ಸೋಮವಾರ ಬೆಳಿಗ್ಗೆ ಮಗಳು ಬ್ಯಾಗು ಹಾಕಿಕೊಂಡು, ಟಿಕೆಟ್ಟಿನ ದುಡ್ಡು ಮುಷ್ಟಿಯಲ್ಲಿ ಹಿಡಿದು ಹೊರಟಳು. ಅವಳನ್ನು ಕಳಿಸಲು ನಾನು ಗೇಟಿನವರೆಗೆ ಹೋದೆ. ಅವಳು ತಿರುಗಿ ನಿಂತು ಬಾಯಿ ತೆರೆದಳು, ನಾನು ಕಾದೆ.

"ಅಪ್ಪ, ಒಳಗೆ ಹೋಗು."

ಹೋದೆ.